ಸೂರ್ಯ ಸಿಡಿಯಲೆಂದು ಕಾಯುತ್ತ

ಅಲಾಸ್ಕಾದ ಫೇರ್‌ಬ್ಯಾಂಕ್ಸ್ ಊರಿನಿಂದ ಈಶಾನ್ಯಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿದೆ ಪೋಕರ್ ಫ್ಲ್ಯಾಟ್ ಉಡಾವಣಾ ನೆಲೆ. 2024ರ ಏಪ್ರಿಲ್. ಗುಡ್ಡಗಳ ಮೇಲೆ ಸ್ಪ್ರೂಸ್ ಮರಗಳು ಕಪ್ಪಗೆ ನಿಂತಿವೆ. ಎರಡು ಬ್ಲ್ಯಾಕ್ ಬ್ರಾಂಟ್ ರಾಕೆಟ್‌ಗಳು ಹಾರಲು ಸಜ್ಜಾಗಿವೆ. ಸೂರ್ಯ ಮಾತ್ರ ಸುಮ್ಮನಿದ್ದಾನೆ.

ಒಳಗೆ ಪರದೆಯ ಮೇಲೊಂದು ಗೆರೆ. ಗೋಸ್ ಉಪಗ್ರಹಗಳು ಅಳೆದು ಕಳಿಸುವ ಸೌರ ಎಕ್ಸ್-ಕಿರಣಗಳ ಏರಿಳಿತ ಅದು. ಗೆರೆ ಜೋರಾಗಿ ಏರಿದರೆ ಸೂರ್ಯನಲ್ಲಿ ಜ್ವಾಲೆ ಸಿಡಿದಿದೆ ಎಂದರ್ಥ. ಹಾಗಾಗಿ ಅದು ತುಸು ತಲೆಯೆತ್ತಿದರೆ ಎಲ್ಲರ ಕಣ್ಣೂ ಅತ್ತ. ಅದು ಮತ್ತೆ ಮಲಗಿತೋ, ಕಾಯುವ ಕೆಲಸ ಮೊದಲಿನಿಂದ. ಹಾರಿಸುವ ಗಳಿಗೆಯನ್ನು ರಾಕೆಟ್‌ನವರು ಗೊತ್ತು ಮಾಡುವುದು ವಾಡಿಕೆ. ಇಲ್ಲಿ ಮುಹೂರ್ತ ಇಡುವವನು ಸೂರ್ಯನೇ.

ರಾಕೆಟ್ ಹಾರಿಸುವಷ್ಟು ತಾಪತ್ರಯ ಏಕೆಂದರೆ, ಎಕ್ಸ್-ಕಿರಣಗಳನ್ನು ನಮ್ಮ ವಾತಾವರಣ ಮೇಲೆಯೇ ನುಂಗಿಬಿಡುತ್ತದೆ. 1949ರಲ್ಲಿ ಹರ್ಬರ್ಟ್ ಫ್ರೀಡ್‌ಮನ್ ಗೈಗರ್ ಕೌಂಟರ್‌ಗಳನ್ನು ಮೇಲಕ್ಕೆ ಕಳಿಸಿ ಅವನ್ನು ಅಳೆದದ್ದು ಜರ್ಮನರ ವಿ-2 ರಾಕೆಟ್‌ನಲ್ಲಿ. ಯುದ್ಧದ ಆಯುಧಕ್ಕೆ ಸಿಕ್ಕ ಒಳ್ಳೆಯ ಕೆಲಸ. ಸೂರ್ಯನ ಮೇಲ್ಮೈಯ ಬಿಸಿ ಸುಮಾರು 5,500 ಡಿಗ್ರಿ ಸೆಲ್ಸಿಯಸ್. ಅದಕ್ಕಿಂತ ಮೇಲಿನ, ಈ ಕಿರಣಗಳು ಹೊಮ್ಮುವ ಹೊರ ಪದರವಾದ ಕರೋನಾದ್ದು ಹತ್ತು ಲಕ್ಷ ದಾಟುತ್ತದೆ. ಜ್ವಾಲೆ ಸಿಡಿದಾಗಲಂತೂ ಕೋಟಿ ಡಿಗ್ರಿ. ಒಲೆಯಿಂದ ದೂರ ಸರಿದಷ್ಟೂ ಕಾವು ಏರುವ ಈ ವಿಚಿತ್ರಕ್ಕೆ ಪೂರ್ತಿ ಉತ್ತರ ಇನ್ನೂ ಸಿಕ್ಕಿಲ್ಲ.

ಒಂದು ರಾಕೆಟ್‌ನ ಹೊಟ್ಟೆಯಲ್ಲಿ ಫಾಕ್ಸಿ-4 ದೂರದರ್ಶಕ. ಅದರ ಕನ್ನಡಿ ನಮ್ಮ ಮನೆಯ ಕನ್ನಡಿಯಂತಲ್ಲ. ನೇರ ಬಿದ್ದ ಎಕ್ಸ್-ಕಿರಣವನ್ನು ಸಾಮಾನ್ಯ ಕನ್ನಡಿ ಹಿಂದಕ್ಕೆ ಕಳಿಸದು, ಕಿರಣ ಒಳಹೊಕ್ಕುಬಿಡುತ್ತದೆ. ಮೇಲ್ಮೈಯನ್ನು ತೀರಾ ಓರೆಯಾಗಿ ಸವರಿಕೊಂಡು ಹೋದರಷ್ಟೇ ದಾರಿ ಬದಲಿಸುತ್ತದೆ. ಅದಕ್ಕೇ ಇಲ್ಲಿನ ಕನ್ನಡಿಗಳೆಂದರೆ ಒಳಮೈಯನ್ನು ನುಣುಪಾಗಿಸಿದ ತೆಳು ಕೊಳವೆಗಳು, ಒಂದರೊಳಗೊಂದು ಕೂರಿಸಿದವು. ಒಂದು ತುದಿಯಲ್ಲಿ ಹೊಕ್ಕ ಕಿರಣ ಗೋಡೆಗೆ ಎರಡು ಬಾರಿ ತಾಗಿ, ದೂರದಲ್ಲಿರುವ ಪುಟ್ಟ ಸಂವೇದಕದ ಮೇಲೆ ಬಂದು ಬೀಳುತ್ತದೆ. ಹಿಂದೆ ಇದೇ ಜ್ವಾಲೆಗಳನ್ನು ನೋಡುತ್ತಿದ್ದ ರೆಸ್ಸಿ ಉಪಗ್ರಹಕ್ಕೆ ಇಂಥ ಕನ್ನಡಿ ಇರಲಿಲ್ಲ. ಜಾಲರಿಗಳು ಬೀಳಿಸಿದ ನೆರಳನ್ನು ಲೆಕ್ಕ ಹಾಕಿ ಅದು ಚಿತ್ರ ಕಟ್ಟುತ್ತಿತ್ತು. ಹಾಗಾಗಿ ಪ್ರಖರ ಜ್ವಾಲೆಯ ಪಕ್ಕದ ಮಂಕು ಬೆಳಕು ಅದಕ್ಕೆ ಸುಲಭವಾಗಿ ದಕ್ಕುತ್ತಿರಲಿಲ್ಲ.

ಏಪ್ರಿಲ್ 17ರ ಮಧ್ಯಾಹ್ನ ಗೆರೆ ಏರಿತು, ಏರುತ್ತಲೇ ಹೋಯಿತು. ಮೊದಲು ಫಾಕ್ಸಿ, ಅದರ ಬೆನ್ನಿಗೇ ಹೈ-ಸಿ ಎಂಬ ಉಪಕರಣ ಹೊತ್ತ ಇನ್ನೊಂದು ರಾಕೆಟ್ ಎದ್ದವು. ಸಿಡಿದದ್ದು ಎಂ1.6 ದರ್ಜೆಯ ಜ್ವಾಲೆ. ಸೂರ್ಯನ ಲೆಕ್ಕದಲ್ಲಿ ಮಧ್ಯಮ ಗಾತ್ರದ್ದು. ಗಾಳಿಯ ಹೊದಿಕೆ ದಾಟಿದ ಮೇಲೆ ಕೆಳಕ್ಕಿಳಿಯುವವರೆಗೆ ನೋಡಲು ಸಿಗುವುದು ಕೆಲವೇ ನಿಮಿಷ. ಆ ಹೊತ್ತಿನಲ್ಲಿ ಎರಡೂ ಉಪಕರಣಗಳು ಜ್ವಾಲೆಯನ್ನೇ ದಿಟ್ಟಿಸಿದವು: ಫಾಕ್ಸಿ ಎಕ್ಸ್-ಕಿರಣಗಳಲ್ಲಿ, ಹೈ-ಸಿ ಅತಿನೇರಳೆಯಲ್ಲಿ.