ವಿಆರ್ ಹೆಡ್‌ಸೆಟ್ ತಗೊಳ್ತೀರಾ? ಮೊದಲು ಪಿಸಿ ಲೆಕ್ಕ ಹಾಕಿ

ಕಳೆದ ವಾರ ದಾವಣಗೆರೆಯಿಂದ ನನ್ನ ಚಿಕ್ಕಮ್ಮನ ಮಗ ಒಂದು ವಾಯ್ಸ್ ನೋಟ್ ಕಳಿಸಿದ್ದ. "ಅಣ್ಣ, ಸೆಕೆಂಡ್ ಹ್ಯಾಂಡ್ ವಿಆರ್ ಹೆಡ್‌ಸೆಟ್ ಸಿಕ್ಕಾಪಟ್ಟೆ ಕಮ್ಮಿಗೆ ಸಿಗ್ತಿದೆ. ಸಂಜೆಯೊಳಗೆ ಹೇಳ್ಬೇಕಂತೆ. ತಗೊಂಡ್ಬಿಡ್ಲಾ?" ಅವನದು ಮೊದಲ ಕೆಲಸ, ಆರು ತಿಂಗಳಿಂದ ಕೂಡಿಟ್ಟ ದುಡ್ಡು. ನಾನು ಹೇಳಿದ್ದು ಇಷ್ಟೇ: "ತಡಿಯೋ, ಮೊದ್ಲು ಮಾಡೆಲ್ ಹೆಸರು ಕಳ್ಸು."

ಯಾಕಂದ್ರೆ ಈ ತಪ್ಪು ನಾನೇ ಮಾಡಿದ್ದೀನಿ. ಆಸೆಗೆ ಬಿದ್ದು ಹೆಡ್‌ಸೆಟ್ ತಗೊಂಡೆ, ಆಮೇಲೆ ನೋಡಿದ್ರೆ ನನ್ನ ಲ್ಯಾಪ್‌ಟಾಪಲ್ಲಿ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡೇ ಇರಲಿಲ್ಲ. ಕೊನೆಗೆ ಅರ್ಧ ಬೆಲೆಗೆ ಮಾರಿದೆ. ಬಿ.ಕಾಂ. ಓದಿದವನಿಗೆ ಇದಕ್ಕಿಂತ ಅವಮಾನ ಬೇಕಾ?

ಆವತ್ತು ಕಲಿತ ಪಾಠ: ಮೊದಲು ಗೇಮ್, ಆಮೇಲೆ ಕಂಪ್ಯೂಟರ್, ಕೊನೆಗೆ ಹೆಡ್‌ಸೆಟ್. ನಾವು ಈ ಸಾಲನ್ನ ಉಲ್ಟಾ ಮಾಡ್ತೀವಿ, ಅಲ್ಲೇ ದುಡ್ಡು ಹೋಗೋದು.

ಗೇಮ್‌ನಿಂದ ಶುರು ಮಾಡೋಣ. ನಿಮಗೆ ಬೇಕಾಗಿರೋದು 'ಬೀಟ್ ಸೇಬರ್' ಥರದ್ದು ಅಂದ್ರೆ ಪಿಸಿ ಬೇಕಾಗಿಲ್ಲ. ಮೆಟಾ ಕ್ವೆಸ್ಟ್ 3, ಕ್ವೆಸ್ಟ್ 3ಎಸ್ ಒಳಗೇ ಪ್ರೊಸೆಸರ್ ಇದೆ, ಗೇಮ್ ಅದರಲ್ಲೇ ಓಡುತ್ತೆ. ಆದರೆ 2020ರಲ್ಲಿ ಬಂದ 'ಹಾಫ್-ಲೈಫ್: ಅಲಿಕ್ಸ್' ಆಡ್ಬೇಕು ಅಂದ್ರೆ ಕ್ವೆಸ್ಟ್ ಒಂದೇ ಸಾಲಲ್ಲ, ಜೊತೆಗೆ ಪಿಸಿ ಬೇಕು. ಅದಕ್ಕೆ ಕನಿಷ್ಠ 12 ಜಿಬಿ ರ್‍ಯಾಮ್, ಜಿಟಿಎಕ್ಸ್ 1060 ಮಟ್ಟದ, 6 ಜಿಬಿ ಮೆಮೊರಿ ಇರೋ ಗ್ರಾಫಿಕ್ಸ್ ಕಾರ್ಡ್ ಕೇಳ್ತಾರೆ. ಕನಿಷ್ಠ ಅಂದ್ರೆ ಕನಿಷ್ಠ, ಆರಾಮಾಗಿ ಆಡೋಕೆ ಇನ್ನೂ ಮೇಲಿನದು ಬೇಕು.

"ನನ್ನ ಪಿಸಿಯಲ್ಲಿ ಎಲ್ಲಾ ಗೇಮ್ ಚೆನ್ನಾಗೇ ಓಡುತ್ತಲ್ಲ" ಅಂತೀರಾ? ಒಂದು ಲೆಕ್ಕ ಹಾಕೋಣ. ಫುಲ್ ಎಚ್‌ಡಿ ಮಾನಿಟರಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್. ಕ್ವೆಸ್ಟ್ 3ರಲ್ಲಿ ಒಂದು ಕಣ್ಣಿಗೆ 2064×2208, ಎರಡೂ ಕಣ್ಣಿಗೆ ಸೇರಿ 91 ಲಕ್ಷ. ಮಾನಿಟರಿಗೆ ಸೆಕೆಂಡಿಗೆ 60 ಚಿತ್ರ ಸಾಕು, ಇಲ್ಲಿ 90 ಅಂತ ಇಟ್ಕೊಳ್ಳಿ. ಅಂದ್ರೆ ಸೆಕೆಂಡಿಗೆ 12 ಕೋಟಿ ಪಿಕ್ಸೆಲ್ ಕೆಲಸ ಮಾಡ್ತಿದ್ದ ಕಾರ್ಡಿಗೆ 82 ಕೋಟಿ ಕೆಲಸ! ಒಂದೊಂದು ಚಿತ್ರಕ್ಕೂ ಸಿಗೋದು 11 ಮಿಲಿಸೆಕೆಂಡ್. ಅಷ್ಟರಲ್ಲಿ ಮುಗಿಸದಿದ್ರೆ ನಿಮ್ಮ ತಲೆ ತಿರುಗಿದ ಮೇಲೆ ಚಿತ್ರ ತಿರುಗುತ್ತೆ. ಆಗ ತಲೆಸುತ್ತು, ವಾಕರಿಕೆ. ಸೆಟ್ಟಿಂಗ್ಸ್ ಇಳಿಸಿ ಆಡಬಹುದು, ನಿಜ. ಆದ್ರೂ ದುಡ್ಡು ಉಳಿಸೋದಿದ್ರೆ ಬೇರೆ ಕಡೆ ಉಳಿಸಿ, ಗ್ರಾಫಿಕ್ಸ್ ಕಾರ್ಡಲ್ಲಿ ಬೇಡ. ಲ್ಯಾಪ್‌ಟಾಪ್ ತಗೊಳ್ಳೋರು ಇದನ್ನೂ ನೆನಪಿಡಿ: ಕಾರ್ಡಿನ ಹೆಸರು ಒಂದೇ ಇದ್ರೂ ಡೆಸ್ಕ್‌ಟಾಪಿನಷ್ಟು ಶಕ್ತಿ ಅದಕ್ಕಿರಲ್ಲ.

ಇನ್ನು ವೈರು. ಎಸ್‌.ಪಿ. ರೋಡಿಗೆ ಹೋಗೋ ಮುಂಚೆ ನಿಮ್ಮ ಪಿಸಿ ಹಿಂದೆ ಏನೇನು ಪೋರ್ಟ್ ಇದೆ ಅಂತ ಫೋಟೋ ತೆಗೆದಿಟ್ಕೊಳ್ಳಿ. ವಾಲ್ವ್ ಇಂಡೆಕ್ಸ್‌ಗೆ, ಪಿಸಿ ಅಡಾಪ್ಟರ್ ಹಾಕಿದ ಪ್ಲೇಸ್ಟೇಷನ್ ವಿಆರ್2ಗೆ ಡಿಸ್‌ಪ್ಲೇಪೋರ್ಟ್ ಬೇಕೇ ಬೇಕು, ಎಚ್‌ಡಿಎಂಐ ನಡೆಯಲ್ಲ. ಕ್ವೆಸ್ಟ್ ಆದ್ರೆ ಯುಎಸ್‌ಬಿ 3 ಕೇಬಲ್ ಅಥವಾ ವೈಫೈ. ವೈಫೈ ಅಂದ್ರೆ 5 ಗಿಗಾಹರ್ಟ್ಜ್ ರೂಟರ್ ಇರಲಿ, ಪಿಸಿಯಿಂದ ರೂಟರಿಗೆ ಮಾತ್ರ ಲ್ಯಾನ್ ಕೇಬಲ್ ಎಳೀರಿ.

ಹೆಡ್‌ಸೆಟ್ ಕೊನೆಗೆ ಅಂದ್ನಲ್ಲ, ಈಗ ಅದಕ್ಕೆ ಬರೋಣ. ಎರಡು ಕಣ್ಣಿನ ಪಾಪೆಗಳ ನಡುವಿನ ಅಂತರಕ್ಕೆ ಐಪಿಡಿ ಅಂತಾರೆ. ಕನ್ನಡಕದ ಅಂಗಡಿಯಲ್ಲಿ ಅಳೆದು ಕೊಡ್ತಾರೆ. ಕ್ವೆಸ್ಟ್ 3ರಲ್ಲಿ ಚಕ್ರ ತಿರುಗಿಸಿ 58ರಿಂದ 71 ಮಿಲಿಮೀಟರ್‌ವರೆಗೆ ಹೊಂದಿಸಬಹುದು. 3ಎಸ್‌ನಲ್ಲಿ 58, 63, 68 ಅಂತ ಮೂರೇ ಸ್ಥಾನ. ನಿಮ್ಮ ಅಳತೆ ಇವುಗಳಿಂದ ದೂರ ಇದ್ರೆ ಚಿತ್ರ ಮಸುಕು, ಕಣ್ಣು ನೋವು. ಹಾಗೇ ರೂಮಲ್ಲಿ ಆರೂವರೆ ಅಡಿ ಉದ್ದ, ಆರೂವರೆ ಅಡಿ ಅಗಲ ಖಾಲಿ ಜಾಗ ಇದೆಯಾ ಅಂತ ಅಳೆದುಬಿಡಿ. ಪಿಜಿಯಲ್ಲಿ ಇರೋರು ಇದನ್ನ ಮರೆತೇಬಿಡ್ತಾರೆ. ಹೊರದೇಶದಿಂದ ತರಿಸಿ ಮಾರೋ ಪೀಸ್ ಆದ್ರೆ ವಾರಂಟಿ ಇಲ್ಲಿ ನಡೆಯುತ್ತಾ ಅನ್ನೋದನ್ನ ಬಿಲ್ ಮೇಲೆ ಬರೆಸಿಕೊಳ್ಳಿ.

ಸರಿ, ತಮ್ಮನ ಕಥೆ ಏನಾಯ್ತು? ಅವನು ಕಳಿಸಿದ ಹೆಸರು ವಿಂಡೋಸ್ ಮಿಕ್ಸ್ಡ್ ರಿಯಾಲಿಟಿ ಗುಂಪಿನದು. ಮೈಕ್ರೋಸಾಫ್ಟ್ 2024ರಲ್ಲಿ ವಿಂಡೋಸ್ 11ರ 24ಎಚ್2 ಅಪ್‌ಡೇಟಿಂದ ಆ ಸಾಫ್ಟ್‌ವೇರನ್ನೇ ತೆಗೆದುಹಾಕಿತು. ತಮ್ಮನ ಲ್ಯಾಪ್‌ಟಾಪಲ್ಲಿ ಇರೋದು ಅದೇ ಅಪ್‌ಡೇಟ್. ದುಡ್ಡು ಕೊಟ್ಟು ತಂದಿದ್ರೆ ಶೋಕೇಸಲ್ಲಿ ಇಡಬೇಕಿತ್ತು. ಸಿಕ್ಕಾಪಟ್ಟೆ ಕಮ್ಮಿ ರೇಟಿಗೆ ಕಾರಣ ಇರುತ್ತೆ ಕಣ್ರೀ.

ಅವನಿಗೆ ಬೇಜಾರಾಯ್ತು. "ಹಾಗಾದ್ರೆ ಏನ್ಮಾಡ್ಲಿ ಅಣ್ಣ?" ಅಂದ. ಮುಂದಿನ ತಿಂಗಳು ಬೆಂಗಳೂರಿಗೆ ಬಾ, ಯಾವುದಾದ್ರೂ ವಿಆರ್ ಗೇಮಿಂಗ್ ಝೋನಲ್ಲಿ ಅರ್ಧ ಗಂಟೆ ಆಡು, ತಲೆಸುತ್ತು ಬರದಿದ್ರೆ ಲೆಕ್ಕ ಹಾಕೋಣ ಅಂದೆ. ದುಡ್ಡು ಇನ್ನೂ ಅವನ ಅಕೌಂಟಲ್ಲೇ ಇದೆ.

ನಿಮ್ಮ ಪಿಸಿ ಯಾವುದು, ಆಡ್ಬೇಕು ಅಂತಿರೋ ಗೇಮ್ ಯಾವುದು, ವಾಯ್ಸ್ ನೋಟ್ ಕಳಿಸಿ. ಮುಂದಿನ ಎಪಿಸೋಡಲ್ಲಿ ಸಿಗೋಣ.