ಎಂಟು ಆಟ, ಒಂದು ಗೆಲುವು

2024ರ ಏಪ್ರಿಲ್ 21, ಭಾನುವಾರ. ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡಕ್ಕೆ ಕೊನೆಯ ಓವರಿನಲ್ಲಿ 21 ರನ್ ಬೇಕಿತ್ತು. ಬೌಲರ್ ಮಿಚೆಲ್ ಸ್ಟಾರ್ಕ್, ಎದುರಿಗೆ ಬಾಲಂಗೋಚಿ ಕರಣ್ ಶರ್ಮ. ಯಾರೂ ನಿರೀಕ್ಷಿಸದ ರೀತಿಯಲ್ಲಿ ಕರಣ್ ಮೊದಲ ನಾಲ್ಕು ಎಸೆತಗಳಲ್ಲೇ ಮೂರು ಸಿಕ್ಸರ್ ಎತ್ತಿದರು. ಐದನೆಯದಕ್ಕೆ ಬೌಲರನ ಕೈಗೇ ಕ್ಯಾಚಿತ್ತು ನಡೆದರು. ಕೊನೆಯ ಎಸೆತದಲ್ಲಿ ಎರಡನೇ ರನ್ನಿಗೆ ಓಡಿದ ಲಾಕಿ ಫರ್ಗ್ಯುಸನ್ ರನೌಟ್. ಒಂದೇ ರನ್ನಿನ ಸೋಲು. ಆ ಹೊತ್ತಿಗೆ ತಂಡ ಆಡಿದ್ದು ಎಂಟು ಪಂದ್ಯ, ಗೆದ್ದದ್ದು ಒಂದು. ಹತ್ತು ತಂಡಗಳ ಪಟ್ಟಿಯಲ್ಲಿ ಅದಕ್ಕೆ ಸಿಕ್ಕಿದ್ದು ಹತ್ತನೆಯ ಸ್ಥಾನ.

ಬೆಂಗಳೂರಿನಲ್ಲಿರುವ ಅಭಿಮಾನಿಗೆ ಇದು ಊರಿನ ತಂಡದ ಸೋಲು. ಬೇಸರವಾಗುವುದು ಸಹಜ. ಆದರೆ ರಾಯಚೂರಿನ ತೀನ್ ಕಂದೀಲ್ ಬಳಿಯ ಚಹಾದಂಗಡಿಯಲ್ಲೋ, ಮಾನ್ವಿಯ ಬಸ್ ನಿಲ್ದಾಣದ ಹೋಟೆಲಿನಲ್ಲೋ, ದೇವದುರ್ಗದ ಮನೆಯ ಕಟ್ಟೆಯ ಮೇಲೋ ಮೊಬೈಲ್ ಹಿಡಿದು ಕೂತವನಿಗೆ ಏಕೆ ಬೇಸರವಾಗಬೇಕು? ಬೆಂಗಳೂರು ಅವನಿಗೆ 400 ಕಿ.ಮೀ.ಗೂ ಆಚೆಯ ಊರು. ಹೈದರಾಬಾದು ಹೆಚ್ಚುಕಡಿಮೆ ಅದರ ಅರ್ಧ ದೂರದಲ್ಲಿದೆ. ಅಲ್ಲಿಯೂ ಒಂದು ಐಪಿಎಲ್ ತಂಡವಿದೆ. ಅದೇ ಏಪ್ರಿಲಿನಲ್ಲಿ ಆ ತಂಡ, ಸನ್‌ರೈಸರ್ಸ್, ಎದುರಾಳಿಗಳನ್ನು ಚಚ್ಚಿ ಹಾಕುತ್ತಿತ್ತು. ಏಪ್ರಿಲ್ 15ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣಕ್ಕೇ ಬಂದು 3 ವಿಕೆಟ್‌ಗೆ 287 ರನ್ ಹೊಡೆದು, ಅಲ್ಲಿಯವರೆಗಿನ ಐಪಿಎಲ್ ದಾಖಲೆಯನ್ನು ಬರೆದು ಹೋಗಿತ್ತು. ಪಕ್ಷ ಬದಲಿಸಲು ಇದಕ್ಕಿಂತ ಒಳ್ಳೆಯ ಸಮಯ ಬೇರೆ ಇರಲಿಲ್ಲ. ಅಭಿಮಾನಿ ಬದಲಿಸಲಿಲ್ಲ. ‘ಇವರ ಹಣೇಬರಾನೇ ಇಷ್ಟು’ ಎಂದು ಬೈದು, ನಾಲ್ಕು ದಿನ ಬಿಟ್ಟು ಮತ್ತೆ ಅದೇ ತಂಡದ ಆಟಕ್ಕೆ ಕೂತ.

ಈ ನಿಷ್ಠೆ ಮೇಲ್ನೋಟಕ್ಕೆ ಕಾಣುವಷ್ಟು ಸರಳವಲ್ಲ. ಕೃಷ್ಣಾ ಮತ್ತು ತುಂಗಭದ್ರೆಯರ ನಡುವಿನ ರಾಯಚೂರು ದೋಆಬಿಗೆ ಎರಡು ಕಡೆಯವರ ಜಗ್ಗಾಟ ಹೊಸತಲ್ಲ. ವಿಜಯನಗರ ಮತ್ತು ಬಿಜಾಪುರಗಳು ಇದಕ್ಕಾಗಿಯೇ 1520ರಲ್ಲಿ ಕಾದಾಡಿದವು. ಮುಂದೆ ಈ ಸೀಮೆ ನಿಜಾಮನ ಕೈಗೆ ಬಂದು, ಹೈದರಾಬಾದು ಇಲ್ಲಿಯವರ ರಾಜಧಾನಿಯಾಯಿತು. 1956ರ ನವೆಂಬರ್ 1ರಂದು ಕನ್ನಡ ರಾಜ್ಯ ಒಂದಾದ ಮೇಲಷ್ಟೇ ಬೆಂಗಳೂರು ರಾಜಧಾನಿಯಾದದ್ದು. ದೊಡ್ಡ ಆಸ್ಪತ್ರೆಗೆ, ಮದುವೆ ಜವಳಿಗೆ ಹೈದರಾಬಾದಿಗೆ ಹೋಗುವವರು ಈಗಲೂ ಬೇಕಾದಷ್ಟಿದ್ದಾರೆ. ತೆಲುಗು, ಉರ್ದು ಇಲ್ಲಿ ಪರಭಾಷೆಗಳಲ್ಲ. ಇನ್ನು ಬೆಂಗಳೂರಿನ ಮೇಲಿನ ಮುನಿಸು ಹಳೆಯದು. 371 (ಜೆ) ವಿಶೇಷ ಸ್ಥಾನಮಾನಕ್ಕಾಗಿ ಸಂವಿಧಾನಕ್ಕೆ ತಿದ್ದುಪಡಿ ತರಬೇಕಾದದ್ದು, ಏಮ್ಸ್ ಆಸ್ಪತ್ರೆಗಾಗಿ ರಾಯಚೂರಿನಲ್ಲಿ 2022ರಲ್ಲಿ ಧರಣಿ ಆರಂಭವಾದದ್ದು ಈ ಮುನಿಸಿನ ಮೈಲಿಗಲ್ಲುಗಳು. ಸೌಲಭ್ಯ ಕೊಡದಿದ್ದರೆ ತೆಲಂಗಾಣಕ್ಕಾದರೂ ಸೇರಿಸಿ ಎಂಬ ಮಾತು 2021ರಲ್ಲಿ ಶಾಸಕರೊಬ್ಬರ ಬಾಯಲ್ಲೇ ಬಂದದ್ದುಂಟು.

ಹೀಗೆ ಸರ್ಕಾರದ ವಿಷಯದಲ್ಲಿ ಬೆಂಗಳೂರನ್ನು ನಂಬದ ಜಿಲ್ಲೆ ಕ್ರಿಕೆಟ್ಟಿನ ವಿಷಯದಲ್ಲಿ ಬೆಂಗಳೂರನ್ನು ಬಿಡುವುದಿಲ್ಲ. ಅದನ್ನು ತಿಳಿಯಲು ಫೈನಲ್ ದಿನದ ಪಟಾಕಿ ನೋಡಿದರೆ ಸಾಲದು, ಫೈನಲ್ ದಿನ ಎಲ್ಲರೂ ಅಭಿಮಾನಿಗಳೇ. ಋತುವಿನ ನಡುಭಾಗವನ್ನು ನೋಡಬೇಕು. ಏಪ್ರಿಲ್ ಉತ್ತರಾರ್ಧ, ಬಿಸಿಲು 40 ಡಿಗ್ರಿ ದಾಟಿರುತ್ತದೆ, ತಂಡ ಸೋಲುತ್ತಿರುತ್ತದೆ.

ಈ ತಂಡದ ಇತಿಹಾಸವೇ ನಡುವಿನಲ್ಲಿ ಮಗುಚಿ ಬೀಳುವುದರಲ್ಲಿ, ಮತ್ತೆ ಎದ್ದು ಕೂರುವುದರಲ್ಲಿ ಅಡಗಿದೆ. 2009ರಲ್ಲಿ ಐಪಿಎಲ್ ದಕ್ಷಿಣ ಆಫ್ರಿಕಾದಲ್ಲಿ ನಡೆದಾಗ ಕೆವಿನ್ ಪೀಟರ್ಸನ್ ನಾಯಕತ್ವದ ಆರು ಪಂದ್ಯಗಳಲ್ಲಿ ಗೆದ್ದದ್ದು ಎರಡು. ಅವರು ಇಂಗ್ಲೆಂಡ್ ಪರ ಆಡಲು ಹೊರಟ ಮೇಲೆ ಅನಿಲ್ ಕುಂಬ್ಳೆ ನಾಯಕರಾದರು. ತಂಡ ಫೈನಲ್ ತಲುಪಿತು. ಅಲ್ಲಿ ಕುಂಬ್ಳೆ 16 ರನ್ನಿಗೆ 4 ವಿಕೆಟ್ ಕಿತ್ತರೂ 6 ರನ್ನಿನಿಂದ ಸೋಲು. ಗೆದ್ದವರು ಯಾರು? ಹೈದರಾಬಾದಿನ ಡೆಕ್ಕನ್ ಚಾರ್ಜರ್ಸ್.

2011ರಲ್ಲಿ ಸತತ ಮೂರು ಸೋಲು ಕಂಡು ಕೂತಿದ್ದಾಗ, ಗಾಯಗೊಂಡ ಡರ್ಕ್ ನ್ಯಾನೆಸ್ ಬದಲಿಗೆ ಕ್ರಿಸ್ ಗೇಲ್‌ಗೆ ಕರೆ ಹೋಯಿತು. ಅದುವರೆಗೆ ಆ ವರ್ಷ ಯಾವ ತಂಡವೂ ಅವರನ್ನು ಕೊಂಡಿರಲಿಲ್ಲ. ಬಂದವರೇ ಕೋಲ್ಕತ್ತದಲ್ಲಿ ಶತಕ ಬಾರಿಸಿದರು, ತಂಡ ಸಾಲಾಗಿ ಏಳು ಪಂದ್ಯ ಗೆದ್ದಿತು, ಚೆನ್ನೈನ ಫೈನಲಿನಲ್ಲಿ 58 ರನ್ನಿನಿಂದ ಸೋತಿತು. 2016ರಲ್ಲಿ ಮೊದಲ ಏಳರಲ್ಲಿ ಎರಡೇ ಗೆಲುವು. ಉಳಿದ ಏಳರಲ್ಲಿ ಆರು ಗೆಲುವು. ವಿರಾಟ್ ಕೊಹ್ಲಿ ಒಂದೇ ಋತುವಿನಲ್ಲಿ 973 ರನ್ ಗಳಿಸಿದ್ದು ಆಗಲೇ. ಫೈನಲ್ ಬೆಂಗಳೂರಿನಲ್ಲೇ. 209ರ ಗುರಿಗೆ ಗೇಲ್ ಮತ್ತು ಕೊಹ್ಲಿ ಮೊದಲ ವಿಕೆಟ್ಟಿಗೆ 114 ರನ್ ಸೇರಿಸಿದ ಮೇಲೂ 8 ರನ್ನಿನಿಂದ ಸೋಲು. ಈ ಸಲವೂ ಎದುರಾಳಿ ಹೈದರಾಬಾದೇ, ಹೆಸರು ಮಾತ್ರ ಸನ್‌ರೈಸರ್ಸ್ ಎಂದಾಗಿತ್ತು. ಮೊದಲ ಮೂರು ಫೈನಲ್‌ಗಳಲ್ಲಿ ಎರಡನ್ನು ಹಳೆಯ ರಾಜಧಾನಿಯ ತಂಡಗಳಿಗೇ ಬಿಟ್ಟುಕೊಟ್ಟದ್ದು ರಾಯಚೂರಿನವನಿಗೆ ಬೆಂಗಳೂರಿನವನಿಗಿಂತ ತುಸು ಹೆಚ್ಚೇ ಚುಚ್ಚಿರಬೇಕು. ಗಡಿಯಾಚೆಯ ಗದ್ವಾಲಿನಲ್ಲೋ ಮಕ್ತಲಿನಲ್ಲೋ ಅವನಿಗೆ ಬೀಗರಿರುತ್ತಾರೆ. ಮರುದಿನ ಫೋನು ಬರುತ್ತದೆ.

ನಡು ಋತುವಿನ ಅಭಿಮಾನಿಗೆ ಆಟಕ್ಕಿಂತ ಹೆಚ್ಚು ಕೆಲಸ ಕೊಡುವುದು ಲೆಕ್ಕ. ಹತ್ತು ತಂಡಗಳಿರುವ ವ್ಯವಸ್ಥೆಯಲ್ಲಿ ಒಂದೊಂದು ತಂಡಕ್ಕೆ 14 ಪಂದ್ಯ, ಗೆದ್ದರೆ 2 ಅಂಕ, ಮಳೆ ಬಂದು ನಿಂತರೆ 1. ಮೊದಲ ನಾಲ್ವರು ಮುಂದೆ ಹೋಗುತ್ತಾರೆ. ಅಂಕ ಸಮವಾದರೆ ನೋಡುವುದು ನೆಟ್ ರನ್ ರೇಟ್. ಇದನ್ನು ದೊಡ್ಡ ಗಣಿತವೆಂದು ಹೆದರಬೇಕಾಗಿಲ್ಲ. ಇಡೀ ಋತುವಿನಲ್ಲಿ ತಂಡ ಓವರಿಗೆ ಸರಾಸರಿ ಎಷ್ಟು ರನ್ ಹೊಡೆಯಿತು, ಎದುರಾಳಿಗಳಿಗೆ ಓವರಿಗೆ ಎಷ್ಟು ಬಿಟ್ಟುಕೊಟ್ಟಿತು, ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಬರುವುದೇ ಅದು. ಒಂದು ಕೊಕ್ಕೆ ಇದೆ. ತಂಡ 15 ಓವರಿನಲ್ಲಿ ಆಲೌಟಾದರೂ ಲೆಕ್ಕಕ್ಕೆ ಹಿಡಿಯುವುದು ಪೂರ್ತಿ 20 ಓವರ್. ಆದ್ದರಿಂದ ಹೀನಾಯ ಸೋಲು ಎರಡು ಸಲ ಹೊಡೆಯುತ್ತದೆ: ಅಂಕ ಹೋಯಿತು, ಸರಾಸರಿಯೂ ಹೋಯಿತು. 2017ರ ಏಪ್ರಿಲ್ 23ರಂದು ಇದೇ ಬೆಂಗಳೂರು ತಂಡ ಕೋಲ್ಕತ್ತದಲ್ಲಿ 49 ರನ್ನಿಗೆ ಕುಸಿದಿತ್ತು. ವಿಚಿತ್ರವೆಂದರೆ ನಾಲ್ಕು ವರ್ಷ ಮೊದಲು ಅದೇ ತಾರೀಖಿನಂದು 5 ವಿಕೆಟ್‌ಗೆ 263 ಹೊಡೆದಿತ್ತು, ಗೇಲ್ ಒಬ್ಬರದೇ ಅಜೇಯ 175.

ತನ್ನ ತಂಡ ಗೆದ್ದರಷ್ಟೇ ಸಾಲದು, ಬೇರೆಯವರು ಸೋಲಲೂ ಬೇಕು ಎಂಬ ಸ್ಥಿತಿ ನಡು ಋತುವಿನ ಇನ್ನೊಂದು ಕಾಟ. ಮಾನ್ವಿಯ ರೈತನಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಮಾನ್ವಿ ಮತ್ತು ರಾಯಚೂರು ಕೊನೆಯ ಭಾಗದವು. ಜಲಾಶಯದಲ್ಲಿ ನೀರಿದ್ದರೆ ಆಗಲಿಲ್ಲ, ಮೇಲಿನವರು ಹರಿಸಿಕೊಂಡು ಉಳಿದದ್ದು ಇಲ್ಲಿಗೆ ಬರಬೇಕು. ಕಾಲುವೆಯ ಗೇಜ್ ಎಷ್ಟಿದೆ ಎಂದು ದಿನವೂ ವಿಚಾರಿಸುವವನಿಗೆ ಅಂಕಪಟ್ಟಿ ಓದುವುದು ಕಷ್ಟವಲ್ಲ. 2023ರ ಬರದಿಂದಾಗಿ 2024ರ ಬೇಸಿಗೆಯಲ್ಲಿ ಇಲ್ಲಿ ಎರಡನೇ ಬೆಳೆಗೆ ನೀರೇ ಇರಲಿಲ್ಲ. ಭತ್ತದ ಗದ್ದೆಗಳು ಬಿರುಕು ಬಿಟ್ಟು ಕೂತಿದ್ದ ಕಾಲದಲ್ಲೇ ತಂಡವೂ ಪಟ್ಟಿಯ ತಳ ಕಂಡದ್ದು. ಕೃಷ್ಣೆಯ ಕಡೆಯ ದೇವದುರ್ಗದವರಿಗೆ ನಾರಾಯಣಪುರ ಬಲದಂಡೆಯ ಕಾಲುವೆ. ಚಿಂತೆಯ ಸ್ವರೂಪ ಬೇರೆ, ಜಾತಿ ಒಂದೇ.

ಅಮೆರಿಕದ ಬೇಸ್‌ಬಾಲ್ ನೋಡಿದವರು ಈ ಚಡಪಡಿಕೆಗೆ ನಗಬಹುದು. ಅಲ್ಲಿ ಒಂದೊಂದು ತಂಡ ಒಂದು ಋತುವಿನಲ್ಲಿ 162 ಪಂದ್ಯ ಆಡುತ್ತದೆ, ಆರು ತಿಂಗಳು ಹೆಚ್ಚುಕಡಿಮೆ ದಿನವೂ ಆಟ. ಎಂಟು ಸೋಲು ಅಲ್ಲಿ ಒಂದು ಕೆಟ್ಟ ವಾರ, ಇಲ್ಲಿ ಅರ್ಧಕ್ಕಿಂತ ಹೆಚ್ಚು ಋತು. ಐಪಿಎಲ್‌ನ ಒಂದು ಪಂದ್ಯದ ತೂಕ ಬೇಸ್‌ಬಾಲಿನ ಹನ್ನೊಂದಕ್ಕೂ ಹೆಚ್ಚು ಪಂದ್ಯಗಳಿಗೆ ಸಮ. ಆಟ ಕಡಿಮೆಯಿದ್ದಷ್ಟೂ ಅದೃಷ್ಟದ ಪಾಲು ಹೆಚ್ಚು. 162 ಪಂದ್ಯ ಆಡಿದರೆ ತಂಡದ ನಿಜವಾದ ಯೋಗ್ಯತೆ ಹೊರಬಿದ್ದೇ ಬೀಳುತ್ತದೆ. ಎಂಟು ಪಂದ್ಯದಲ್ಲಿ ಬೀಳಬಹುದು, ಬೀಳದೆಯೂ ಇರಬಹುದು. ಏಪ್ರಿಲ್ 21ರಂದು ಇನ್ನೆರಡು ರನ್ ಬಂದಿದ್ದರೆ ಅದೇ ತಂಡವನ್ನು ಹೊಗಳುತ್ತಿದ್ದರು. ಹಾಗೆಂದು ಸೋಲೆಲ್ಲವೂ ಅದೃಷ್ಟದ ದೋಷವೆನ್ನುವಂತಿಲ್ಲ. 287 ರನ್ ಬಿಟ್ಟುಕೊಟ್ಟ ಬೌಲಿಂಗ್‌ಗೆ ಜಾತಕ ತೋರಿಸಿ ಪ್ರಯೋಜನವಿಲ್ಲ.

ತಿರುವು ಬಂದದ್ದು ಎಲ್ಲಿ ಎಂಬುದನ್ನು ರಾಯಚೂರಿನ ಅಭಿಮಾನಿ ಮರೆಯಲಾರ. ಏಪ್ರಿಲ್ 25ರಂದು, ಹೈದರಾಬಾದಿನಲ್ಲಿ. ರಜತ್ ಪಾಟೀದಾರ್ 20 ಎಸೆತಗಳಲ್ಲಿ 50 ಹೊಡೆದರು. ಸ್ಪಿನ್ನರ್ ಸ್ವಪ್ನಿಲ್ ಸಿಂಗ್ ಒಂದೇ ಓವರಿನಲ್ಲಿ ಮಾರ್ಕ್ರಮ್ ಮತ್ತು ಕ್ಲಾಸೆನ್ ಇಬ್ಬರನ್ನೂ ಕಳಿಸಿದರು. 35 ರನ್ನಿನ ಗೆಲುವು. ಮೂರು ದಿನಕ್ಕೆ ಅಹಮದಾಬಾದಿನಲ್ಲಿ ವಿಲ್ ಜ್ಯಾಕ್ಸ್ 41 ಎಸೆತಗಳಲ್ಲಿ ಶತಕ. ಮೇ 7ರಂದು ರಾಯಚೂರು ಜಿಲ್ಲೆ ಲೋಕಸಭೆಗೆ ಮತ ಹಾಕುವ ಹೊತ್ತಿಗೆ ತಂಡ ಮೂರು ಗೆದ್ದಿತ್ತು. ಪ್ರಚಾರದ ಮಾತಿನ ನಡುವೆಯೂ ರನ್ ರೇಟಿನ ಮಾತು ನುಸುಳದೆ ಇದ್ದೀತೆ?

ಆರನೆಯ ಗೆಲುವು ಬೇಕಿದ್ದುದು ಮೇ 18ರಂದು, ಚೆನ್ನೈ ಮೇಲೆ, ಬೆಂಗಳೂರಿನಲ್ಲಿ. ಗೆದ್ದರೆ ಸಾಲದು, 18 ರನ್ನಿನ ಅಂತರ ಬೇಕು. ಬೆಂಗಳೂರು 218 ಮಾಡಿತು. ಚೆನ್ನೈಗೆ ಗೆಲುವು ಸಿಗದಿದ್ದರೂ ಚಿಂತೆಯಿಲ್ಲ, 201 ಮುಟ್ಟಿದರೆ ಅವರು ಮುಂದಕ್ಕೆ. ಕೊನೆಯ ಓವರಿನಲ್ಲಿ ಅದಕ್ಕೆ 17 ರನ್ ಬೇಕು, ಬೌಲರ್ ಯಶ್ ದಯಾಳ್. ವರ್ಷದ ಹಿಂದೆ ಗುಜರಾತ್ ಪರ ಆಡುತ್ತ ರಿಂಕು ಸಿಂಗ್‌ಗೆ ಕೊನೆಯ ಓವರಿನಲ್ಲಿ ಸಾಲಾಗಿ ಐದು ಸಿಕ್ಸರ್ ಕೊಟ್ಟಿದ್ದವರು ಇವರೇ. ಮೊದಲ ಎಸೆತಕ್ಕೆ ಧೋನಿ ಸಿಕ್ಸರ್. ಮನೆಮನೆಯಲ್ಲೂ ಟಿ.ವಿ. ಆರಿಸಲು ಕೈ ರಿಮೋಟಿಗೆ ಹೋಗಿರಬೇಕು. ಎರಡನೆಯದಕ್ಕೆ ಧೋನಿ ಔಟ್. ಚೆನ್ನೈ 191ಕ್ಕೆ ನಿಂತಿತು. ಎರಡೂ ತಂಡಗಳಿಗೆ 14 ಅಂಕ. ರನ್ ರೇಟ್ ಬೆಂಗಳೂರಿಗೆ 0.459, ಚೆನ್ನೈಗೆ 0.392. ನಾಲ್ಕು ದಿನದ ನಂತರ ಎಲಿಮಿನೇಟರ್‌ನಲ್ಲಿ ರಾಜಸ್ಥಾನದೆದುರು ಸೋತು ಮನೆಗೆ ಹೋದದ್ದು ಬೇರೆ ಮಾತು.

ಇಷ್ಟೆಲ್ಲ ಮನಸ್ಸು ಸುರಿಯುವವನಿಗೆ ತಂಡದಲ್ಲಿ ತನ್ನವರೆನ್ನುವವರು ಎಷ್ಟು? ಇದು ಅಭಿಮಾನಿಯ ನ್ಯಾಯವಾದ ಕೊರಗು. ರಾಜ್ಯ ಕ್ರಿಕೆಟ್ ಸಂಸ್ಥೆಯಲ್ಲಿ ‘ರಾಯಚೂರು ವಲಯ’ ಎಂಬ ಹೆಸರೇನೋ ಇದೆ. ಆದರೆ ಅಲ್ಲಿಂದ ಮೇಲಕ್ಕೆ ಹೋಗುವ ದಾರಿ ಉದ್ದದ್ದು. ರಾಯಚೂರಿನಲ್ಲಿ ಹುಟ್ಟಿದ ಯರೇಗೌಡ ರಣಜಿಯಲ್ಲಿ ಹಲವು ವರ್ಷ ಆಡಿದ್ದು ರೈಲ್ವೇಸ್ ಪರ. ಕರ್ನಾಟಕದ ನಾಯಕರಾದದ್ದು ಮರಳಿ ಬಂದ ಮೇಲೆ. ರಾಯಚೂರಿನಲ್ಲೇ ಹುಟ್ಟಿದ ಮನೋಜ್ ಭಾಂಡಗೆ 2023ರಿಂದ ಬೆಂಗಳೂರು ಐಪಿಎಲ್ ತಂಡದಲ್ಲಿದ್ದೂ ಎರಡು ಋತು ಪೂರ್ತಿ ಬೆಂಚಿನ ಮೇಲೆ ಕಳೆದರು. 2025ರ ಏಪ್ರಿಲ್ 18ರಂದು ಅವರಿಗೆ ಕರೆ ಬಂದಾಗ ಮಳೆಯಿಂದ ಪಂದ್ಯ 14 ಓವರಿಗೆ ಇಳಿದಿತ್ತು, ಪಂಜಾಬಿನೆದುರು ವಿಕೆಟ್‌ಗಳು ಉದುರುತ್ತಿದ್ದವು. ಕುಸಿತ ತಡೆಯಲು ಬಂದವರು ಬಂದಷ್ಟೇ ಬೇಗ ಹಿಂದಿರುಗಿದರು. ಮಹಿಳೆಯರ ತಂಡ ಈ ವಿಷಯದಲ್ಲಿ ಉದಾರಿ. 2023ರಲ್ಲಿ ಮೊದಲ ಐದೂ ಪಂದ್ಯ ಸೋತಿದ್ದ ಆ ತಂಡ 2024ರಲ್ಲಿ ಕಪ್ ಗೆದ್ದಿತು. ಫೈನಲಿನಲ್ಲಿ 12 ರನ್ನಿಗೆ 4 ವಿಕೆಟ್ ಪಡೆದವರು ಕಲಬುರಗಿ ಮೂಲದ ಶ್ರೇಯಾಂಕಾ ಪಾಟೀಲ. ಗಂಡಸರು 16 ವರ್ಷದಲ್ಲಿ ತಾರದ ಕಪ್ಪನ್ನು ಹೆಂಗಸರು ಎರಡನೇ ವರ್ಷಕ್ಕೇ ತಂದದ್ದು ಚಹಾದಂಗಡಿಗಳಲ್ಲಿ ಸಾಕಷ್ಟು ನಗೆಗೆ ಕಾರಣವಾಯಿತು.

2025ರಲ್ಲಿ ನಡು ಋತುವಿನ ಸಂಕಟವೇ ತಲೆಕೆಳಗಾಗಿ ಬಂತು. ತಂಡ ಚಿನ್ನಸ್ವಾಮಿಯಲ್ಲಿ ಆಡಿದ ಮೊದಲ ಮೂರು ಪಂದ್ಯಗಳನ್ನೂ ಸೋತಿತು. ಹೊರ ಊರುಗಳಲ್ಲಿ ಆಡಿದ ಏಳಕ್ಕೆ ಏಳನ್ನೂ ಗೆದ್ದಿತು. ಕ್ರೀಡಾಂಗಣಕ್ಕೆ ಟಿಕೆಟ್ ಕೊಂಡು ಹೋದವರಿಗಿಂತ ಮನೆಯಲ್ಲಿ ಕೂತು ನೋಡಿದ ಮಾನ್ವಿ, ದೇವದುರ್ಗದವರಿಗೇ ಹೆಚ್ಚು ಗೆಲುವು ಸಿಕ್ಕ ವರ್ಷ ಅದು. ಮೇ 9ರಂದು ಭಾರತ-ಪಾಕಿಸ್ತಾನ ಸಂಘರ್ಷದಿಂದ ಪಂದ್ಯಾವಳಿಯೇ ನಿಂತಾಗ, ಇವರ ಹಣೆಬರಹಕ್ಕೆ ಇದೂ ಇತ್ತೇ ಎಂದು ನಿಟ್ಟುಸಿರಿಟ್ಟವರುಂಟು. ಮೇ 17ಕ್ಕೆ ಮತ್ತೆ ಶುರುವಾಯಿತು. ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬ್ ತಂಡವನ್ನು ಮಣಿಸಿ ಕಪ್ ಬಂತು. ಅಂತರ 6 ರನ್. 2009ರಲ್ಲಿ ಹೈದರಾಬಾದಿನವರಿಗೆ ಸೋತದ್ದೂ ಅಷ್ಟೇ ರನ್ನಿಗೆ.

ಮರುದಿನ ಬೆಂಗಳೂರಿನಲ್ಲಿ ಚಿನ್ನಸ್ವಾಮಿಯ ಹೊರಗೆ ನೂಕುನುಗ್ಗಲಾಗಿ 11 ಜನ ಸತ್ತರು. ತಂಡವನ್ನು ಹತ್ತಿರದಿಂದ ಒಮ್ಮೆ ನೋಡಬೇಕೆಂದು ಹೋದವರು ಅವರು. ರಾತ್ರಿಯಿಡೀ ಪಟಾಕಿ ಹೊಡೆದಿದ್ದ ಊರುಗಳಲ್ಲಿ ಮರುದಿನ ಸಂಜೆ ಟಿ.ವಿ.ಗಳು ಮತ್ತೆ ಹೊತ್ತಿಕೊಂಡದ್ದು ಈ ಸುದ್ದಿಗಾಗಿ. ಆ ವರ್ಷ ಆಗಸ್ಟಿನಲ್ಲಿ ರಾಜ್ಯದ ಮಹಾರಾಜ ಟ್ರೋಫಿ ಬೆಂಗಳೂರು ಬಿಟ್ಟು ಮೈಸೂರಿಗೆ ಹೋಯಿತು. ಮಹಿಳೆಯರ ವಿಶ್ವಕಪ್ಪಿನ ಪಂದ್ಯಗಳು ಬೆಂಗಳೂರಿನ ಕೈತಪ್ಪಿ ನವಿ ಮುಂಬಯಿಗೆ ಹೋದವು. ಚಿನ್ನಸ್ವಾಮಿಯಲ್ಲಿ ಆಟವಿಲ್ಲದ ಆ ತಿಂಗಳುಗಳಲ್ಲಿ ಬೆಂಗಳೂರಿನ ಅಭಿಮಾನಿಯೂ ಕ್ರಿಕೆಟ್ಟನ್ನು ಪರದೆಯಲ್ಲೇ ನೋಡಬೇಕಾಯಿತು, ದೇವದುರ್ಗದವನು ಮೊದಲಿನಿಂದಲೂ ನೋಡುತ್ತ ಬಂದ ಹಾಗೆ.