ಎಲೆ ಉದುರಿಸಿ ಬದುಕುವ ಹಸಿರು ಮರ

ಮಕ್ಕಳೇ, ಮರದ ಅಡುಗೆಮನೆ ಯಾವುದು ಎಂದರೆ ‘ಎಲೆ’ ಎನ್ನುತ್ತೀರಿ. ಉತ್ತರ ಸರಿಯೇ. ಆದರೆ ತೊಗಟೆಯಲ್ಲೂ ಅಡುಗೆ ಮಾಡಿಕೊಳ್ಳುವ ಮರವೊಂದಿದೆ. ಅದರ ಹೆಸರು ಪಾಲೊ ವರ್ಡೆ. ಸ್ಪ್ಯಾನಿಷ್ ಭಾಷೆಯಲ್ಲಿ ಹಾಗೆಂದರೆ ‘ಹಸಿರು ಕೋಲು’.

ಅಮೆರಿಕದ ಅರಿಜೋನಾದಿಂದ ಮೆಕ್ಸಿಕೊವರೆಗೆ ಹಬ್ಬಿರುವ ಸೊನೊರನ್ ಮರುಭೂಮಿ ಇದರ ತವರು. ಅಲ್ಲಿನ ಫೀನಿಕ್ಸ್ ನಗರದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 18 ಸೆಂಟಿಮೀಟರ್. ಬೆಂಗಳೂರಿನ ಮಳೆಯ ಐದನೇ ಒಂದು ಪಾಲು! ಬೇಸಿಗೆಯ ಬಿಸಿಲು 43 ಡಿಗ್ರಿ ದಾಟುವುದು ಅಲ್ಲಿ ಮಾಮೂಲು. ಇಂಥಲ್ಲಿ ಬದುಕಲು ಮರ ಕಂಡುಕೊಂಡ ದಾರಿ, ಖರ್ಚು ಕಡಿತ. ಎಲೆಯಿಂದ ನೀರು ಆವಿಯಾಗಿ ಹೋಗುತ್ತದಲ್ಲವೆ? ಅದಕ್ಕೇ ಇದರ ಎಲೆಗಳು ಬಲು ಚಿಕ್ಕವು. ಬರ ಬಂದರೆ ಅವನ್ನೂ ಉದುರಿಸಿಬಿಡುತ್ತದೆ. ಆಗ ಹಸಿರು ತೊಗಟೆಯೇ ಆಹಾರ ತಯಾರಿಸುತ್ತದೆ. ಬ್ಯಾಂಕಿನಲ್ಲಿ ಜಮಾ-ಖರ್ಚು ಬರೆದೇ ವಯಸ್ಸಾದ ನನಗೆ ಈ ಮರದ ಲೆಕ್ಕಾಚಾರ ತುಂಬ ಹಿಡಿಸಿತು.

ವಸಂತದಲ್ಲಿ ಮಾತ್ರ ಅದು ಜಿಪುಣನಲ್ಲ. ನಮ್ಮ ಕಕ್ಕೆ ಮರದಂತೆ ಮೈತುಂಬ ಹಳದಿ ಹೂ. ಜೇನುನೊಣಗಳಿಗೆ ಹಬ್ಬ. ಆಮೇಲೆ ಕಾಯಿ, ಇದೂ ಅವರೆಯ ಬಳಗದ್ದೇ. ಅಲ್ಲಿನ ಮೂಲನಿವಾಸಿಗಳಾದ ತೊಹೊನೊ ಓಡಮ್ ಜನರಿಗೆ ಇದರ ಬೀಜ ಆಹಾರವಾಗಿತ್ತು. ಸಗ್ವಾರೊ ಎಂಬ ದೈತ್ಯ ಕಳ್ಳಿ ಮೊದಲ ಏಳೆಂಟು ವರ್ಷ ಹೆಬ್ಬೆರಳುದ್ದವೂ ಬೆಳೆಯದು. ಅಂಥ ಎಳೆಯ ಕಳ್ಳಿಯನ್ನು ಬಿಸಿಲು, ಚಳಿಯಿಂದ ಕಾಯುವುದು ಈ ಮರದ ನೆರಳೇ. 1954ರಿಂದ ಇದು ಅರಿಜೋನಾದ ರಾಜ್ಯವೃಕ್ಷ.

ಫೀನಿಕ್ಸ್‌ಗೆ ನೀರು ಕೊಡುವ ಕೊಲೊರಾಡೊ ನದಿ ಸೊರಗಿದೆ. ಹಾಗಾಗಿ ಅನೇಕರು ಮನೆ ಮುಂದಿನ ಹುಲ್ಲುಹಾಸು ತೆಗೆದು, ಜಲ್ಲಿ ಹರಡಿ, ಈ ಮರ ನೆಡುತ್ತಾರೆ. ಮಕ್ಕಳಿರುವ ಮನೆಗೆ ‘ಡೆಸರ್ಟ್ ಮ್ಯೂಸಿಯಂ’ ಎಂಬ ಮುಳ್ಳಿಲ್ಲದ ತಳಿಯೂ ಇದೆ. ಗುಂಡಿ ಬೇರಿನ ಮುದ್ದೆಯಷ್ಟೇ ಆಳ, ಅದರ ಎರಡು ಮೂರು ಪಟ್ಟು ಅಗಲವಿದ್ದರೆ ಸಾಕು. ಗೊಬ್ಬರವೇನೂ ಬೇಡ.

ಗುಟ್ಟು ಇರುವುದು ನೀರು ಹಾಕುವುದರಲ್ಲಿ. ದಿನಾ ಒಂದೊಂದು ಚೊಂಬು ಹಾಕಿದರೆ ಬೇರು ಮೇಲೆಯೇ ಉಳಿಯುತ್ತದೆ. ನೀರು ಅತಿಯಾದರೆ ಮರ ಸರಸರನೆ ಎತ್ತರವಾಗಿ, ಜುಲೈ-ಆಗಸ್ಟ್‌ನ ಬಿರುಗಾಳಿಗೆ ಬುಡಮೇಲಾಗುತ್ತದೆ. ಅದಕ್ಕೆ ಅಪರೂಪಕ್ಕೊಮ್ಮೆ, ನಿಧಾನವಾಗಿ, ಆಳಕ್ಕೆ ಇಳಿಯುವಂತೆ ನೀರುಣಿಸಿ ಮಣ್ಣು ಒಣಗಲು ಬಿಡಬೇಕು. ಬುಡಕ್ಕಲ್ಲ, ಕೊಂಬೆಗಳ ತುದಿ ಇರುವಲ್ಲಿ ನೆಲಕ್ಕೆ ಹಾಕಬೇಕು. ಆಗ ಬೇರು ನೀರು ಹುಡುಕುತ್ತ ಕೆಳಗಿಳಿಯುತ್ತದೆ. ಎರಡು ಮೂರು ವರ್ಷ ಕಳೆದರೆ ಮರಕ್ಕೆ ಸ್ವಲ್ಪ ನೀರೇ ಸಾಕು.

ಮಕ್ಕಳ ಮನೆಗೆಂದು ಅರಿಜೋನಾಕ್ಕೆ ಹೋಗಿಬರುವ ಅಜ್ಜ-ಅಜ್ಜಿಯರಿಗೆ ಒಂದು ಮಾತು. ಹೂವಿನ ಚೆಂದಕ್ಕೆ ಸೋತು ಬೀಜ ಕಟ್ಟಿಕೊಂಡು ಬರಬೇಡಿ. ಪರವಾನಗಿ ಇಲ್ಲದೆ ತರುವಂತಿಲ್ಲ. ಇದರ ದಾಯಾದಿ ಮರವೊಂದು ಆಸ್ಟ್ರೇಲಿಯಾದಲ್ಲಿ ಕಳೆಯಾಗಿ ಹಬ್ಬಿ ಕಾಟ ಕೊಡುತ್ತಿದೆ. ತರಬೇಕಾದದ್ದು ನೀರುಣಿಸುವ ಕ್ರಮ. ನಮ್ಮ ಹೊಂಗೆ, ಬೇವಿನ ಸಸಿಗಳಿಗೂ ಅದು ಒಗ್ಗುತ್ತದೆ. ಈ ಬೇಸಿಗೆಯಲ್ಲಿ ಮೊಮ್ಮಕ್ಕಳ ಕೈಗೊಂದು ಕಡ್ಡಿ ಕೊಡಿ. ಸಸಿಯ ಪಕ್ಕ ಚುಚ್ಚಿ ನೋಡಲಿ. ಗೇಣುದ್ದ ಕೆಳಗೆ ತೇವವಿದ್ದರೆ ಆ ದಿನ ಚೊಂಬು ಎತ್ತುವುದು ಬೇಡ.